ಸೋರ್ಸ್ ಕೊಡ್ತೀವಿ, ಹಂಚಿದ್ರೆ ಸಬ್‌ಸ್ಕ್ರಿಪ್ಷನ್ ಕಟ್: ರೆಡ್ ಹ್ಯಾಟ್ ಮಾಡ್ತಿರೋದು ಜಿಪಿಎಲ್‌ಗೆ ಸರಿನಾ?

ಹಳೇ ಸರ್ವರ್

ವಿಷಯ ಹಳೆಯದು, ಆದರೆ ನಮ್ಮ ಆಫೀಸಿನಲ್ಲಿ ಮತ್ತೆ ಎದ್ದಿದೆ. ಸೆಂಟ್‌ಒಎಸ್ 7 ಮೇಲೆ ಇನ್ನೂ ಕೆಲವು ಮೆಷಿನ್ ಓಡುತ್ತಿವೆ. ಅದರ ಸಪೋರ್ಟ್ 2024ರ ಜೂನ್ 30ಕ್ಕೇ ಮುಗಿದಿದೆ. ಆಲ್ಮಾಗೆ ಹೋಗೋದಾ, ರಾಕಿಗೆ ಹೋಗೋದಾ, ದುಡ್ಡು ಕೊಟ್ಟು ರೆಲ್ ತಗೊಳ್ಳೋದಾ ಅಂತ ಚರ್ಚೆ. ಅಷ್ಟರಲ್ಲಿ ಲೀಗಲ್‌ನವರು ಕೇಳಿದರು: ರೆಡ್ ಹ್ಯಾಟ್ ಸೋರ್ಸ್ ಬಂದ್ ಮಾಡಿದೆ ಅಂತಾರಲ್ಲ, ಹಾಗಾದರೆ ಈ ಕ್ಲೋನ್‌ಗಳನ್ನು ಬಳಸೋದು ಕಾನೂನುಬದ್ಧನಾ? ಎಲ್ಲರೂ ಮುಖ ಮುಖ ನೋಡಿಕೊಂಡರು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ರೆಲ್ ಅಂದರೆ ರೆಡ್ ಹ್ಯಾಟ್‌ನವರ ದುಡ್ಡಿನ ಲಿನಕ್ಸ್. ಅದರ ಸೋರ್ಸ್ (ಮೂಲ ಕೋಡ್) ತಗೊಂಡು, ಹೆಸರು ಲೋಗೋ ಕಿತ್ತುಹಾಕಿ, ಮತ್ತೆ ಬಿಲ್ಡ್ ಮಾಡಿ ಪುಕ್ಕಟೆ ಕೊಡುತ್ತಿದ್ದದ್ದು ಸೆಂಟ್‌ಒಎಸ್, 2004ರಿಂದ. 2014ರಲ್ಲಿ ರೆಡ್ ಹ್ಯಾಟೇ ಅದನ್ನು ತನ್ನ ಜೊತೆ ಸೇರಿಸಿಕೊಂಡಿತು. 2019ರಲ್ಲಿ ಐಬಿಎಂ ಸುಮಾರು 34 ಬಿಲಿಯನ್ ಡಾಲರ್ ಕೊಟ್ಟು ರೆಡ್ ಹ್ಯಾಟನ್ನು ಕೊಂಡಿತು. ಮರುವರ್ಷ ಡಿಸೆಂಬರ್‌ನಲ್ಲಿ ಸುದ್ದಿ ಬಂತು: 2029ರ ತನಕ ಇರುತ್ತೆ ಅಂದಿದ್ದ ಸೆಂಟ್‌ಒಎಸ್ 8, 2021ರ ಕೊನೆಗೇ ನಿಲ್ಲುತ್ತೆ. ಆಗ ಹುಟ್ಟಿದ್ದು ಅದೇ ಥರದ ಕ್ಲೋನ್‌ಗಳಾದ ಆಲ್ಮಾ, ರಾಕಿ. ಅವು ಚೆನ್ನಾಗಿ ನಡೆಯುತ್ತಿದ್ದವು. 2023ರ ಜೂನ್ 21ಕ್ಕೆ ರೆಡ್ ಹ್ಯಾಟ್ ಇನ್ನೊಂದು ಹೇಳಿತು: ಇನ್ನು ಮೇಲೆ ಸಾರ್ವಜನಿಕರಿಗೆ ಸೆಂಟ್‌ಒಎಸ್ ಸ್ಟ್ರೀಮ್ (ಮುಂದಿನ ರೆಲ್‌ಗೆ ತಯಾರಾಗುತ್ತಿರುವ ಆವೃತ್ತಿ) ಸೋರ್ಸ್ ಮಾತ್ರ. ರೆಲ್‌ನ ಪಕ್ಕಾ ಸೋರ್ಸ್ ಬೇಕಾದರೆ ಗಿರಾಕಿ ಆಗಿರಬೇಕು. ಗಿರಾಕಿ ಅದನ್ನು ಊರಿಗೆಲ್ಲ ಹಂಚಿದರೆ? ಜಿಪಿಎಲ್, ಅಂದರೆ ಲಿನಕ್ಸ್‌ನಂಥ ಸಾಫ್ಟ್‌ವೇರ್‌ಗೆ ಇರುವ ಮುಕ್ತ ಲೈಸೆನ್ಸ್, ಅದರ ಪ್ರಕಾರ ಧಾರಾಳವಾಗಿ ಹಂಚಬಹುದು. ಆದರೆ ಸಬ್‌ಸ್ಕ್ರಿಪ್ಷನ್ ಒಪ್ಪಂದದ ಪ್ರಕಾರ ರೆಡ್ ಹ್ಯಾಟ್ ಅವನ ಸಬ್‌ಸ್ಕ್ರಿಪ್ಷನ್ ರದ್ದು ಮಾಡಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಬೈಯೋರು ಬೈಯಿರಿ. ಜಿಪಿಎಲ್ ಮಾತಾಡೋದು ನಿಮ್ಮ ಕೈಗೆ ಬಂದಿರುವ ಕಾಪಿಯ ಬಗ್ಗೆ. ಮುಂದಿನ ತಿಂಗಳ ಕಾಪಿ ನಿಮಗೆ ಕೊಟ್ಟೇ ಕೊಡುತ್ತೇವೆ ಅಂತ ಅದು ಯಾವತ್ತೂ ಹೇಳಿಲ್ಲ. ನಾವೇ ಹಾಗಂದುಕೊಂಡು ಇಪ್ಪತ್ತು ವರ್ಷ ಹಾಯಾಗಿ ಕೂತಿದ್ದೆವು.

ಬೈಟು ಕಾಫಿ

ಬೈಯಲ್ಲ ಸರ್, ಆದರೆ ಒಪ್ಪಲ್ಲ. ಜಿಪಿಎಲ್ ಎರಡನೇ ಆವೃತ್ತಿಯ 6ನೇ ಕಲಂ ಓದಿ. ಪಡೆದವರಿಗೆ ಈ ಲೈಸೆನ್ಸ್ ಕೊಟ್ಟಿರುವ ಹಕ್ಕಿನ ಮೇಲೆ ನೀವು ಬೇರೆ ಯಾವ ನಿರ್ಬಂಧವನ್ನೂ ಹೇರುವಂತಿಲ್ಲ, ಅಷ್ಟೇ. ಇದರಲ್ಲಿ ಆದರೆ, ಹೋದರೆ ಏನೂ ಇಲ್ಲ. "ಹಂಚು, ಪರವಾಗಿಲ್ಲ, ಆದರೆ ನಾಳೆಯಿಂದ ನಿನ್ನ ಸಾವಿರ ಸರ್ವರ್‌ಗೂ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ" ಅಂದರೆ ಅದು ನಿರ್ಬಂಧ ಅಲ್ಲದೆ ಇನ್ನೇನು? ಬ್ಯಾಂಕಿನಲ್ಲೋ ಟೆಲಿಕಾಂನಲ್ಲೋ ಕೂತಿರುವ ಯಾವ ಮ್ಯಾನೇಜರ್ ಆ ಧೈರ್ಯ ಮಾಡುತ್ತಾನೆ ಹೇಳಿ. ಹಕ್ಕು ಪುಸ್ತಕದಲ್ಲಿ ಇದೆ, ಬಳಸಿದವನ ಕಥೆ ಮುಗಿಯಿತು.

ಇನ್ನೊಂದು ವಿಷಯ. ರೆಲ್‌ನಲ್ಲಿ ಇರೋದೆಲ್ಲ ಅವರೇ ಬರೆದಿದ್ದಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್, ಕಂಪೈಲರ್ ಜಿಸಿಸಿ, ಶೆಲ್ ಬ್ಯಾಶ್ ಎಲ್ಲ ಸಾವಿರಾರು ಜನರ ದುಡಿಮೆ. ಊರವರು ಕೊಟ್ಟದ್ದನ್ನು ಪೊಟ್ಟಣ ಕಟ್ಟಿ, ಪೊಟ್ಟಣ ಬಿಚ್ಚಬೇಡ ಅನ್ನೋದು ಯಾವ ನ್ಯಾಯ?

ಡೆಬಿಯನ್ ದಾಸ

ಡೆಬಿಯನ್ ಲಿನಕ್ಸ್ ಹಾಕಿ. ಮುಗೀತು. ಇಷ್ಟುದ್ದ ಬರೆಯೋ ಹೊತ್ತಿಗೆ ಇನ್‌ಸ್ಟಾಲೂ ಆಗಿರುತ್ತಿತ್ತು.

ಹಳೇ ಸರ್ವರ್

@ಡೆಬಿಯನ್ ದಾಸ ನೀವು ಬರುತ್ತೀರ ಅಂತ ಗೊತ್ತಿತ್ತು :) ನಮ್ಮಲ್ಲಿರುವ ಡೇಟಾಬೇಸ್ ಕಂಪನಿಯವರು ರೆಲ್ ಅಥವಾ ಅದರ ಜೊತೆ ಹೊಂದುವುದಕ್ಕೆ ಮಾತ್ರ ಸಪೋರ್ಟ್ ಕೊಡೋದು. ಬೇರೆ ಏನೇ ಹಾಕಿ ಟಿಕೆಟ್ ತೆಗೆದರೂ ಮೊದಲ ಉತ್ತರ "ಸಪೋರ್ಟ್ ಇರುವ ಒಎಸ್ ಮೇಲೆ ಮತ್ತೆ ಟ್ರೈ ಮಾಡಿ" ಅಂತಲೇ ಬರೋದು.

@ಬೈಟು ಕಾಫಿ ಹಾಲು ಹಾಕುವವನು "ಇವತ್ತು ಕೊಟ್ಟ ಹಾಲು ನಿಮ್ಮದು, ಯಾರಿಗೆ ಬೇಕಾದರೂ ಕೊಡಿ, ಆದರೆ ನಾಳೆ ನಿಮ್ಮ ಮನೆಗೆ ಹಾಕೋದು ಬಿಡೋದು ನನ್ನಿಷ್ಟ" ಅಂದರೆ, ಇವತ್ತಿನ ಹಾಲಿನ ಮೇಲೆ ನಿರ್ಬಂಧ ಹಾಕಿದ ಹಾಗೆ ಆಗುತ್ತಾ? ನೀತಿ ಬಿಡಿ, ಕಾನೂನು ಕೇಳುತ್ತಿದ್ದೇನೆ.

ಲೀಗಲ್ ನೋಟಿಸ್

ವಕೀಲಿಕೆ ಹಿನ್ನೆಲೆ ಇದೆ, ಐಪಿ (ಬೌದ್ಧಿಕ ಆಸ್ತಿ) ಕೆಲಸ ಮಾಡುತ್ತೇನೆ. ಇದು ಸಲಹೆ ಅಲ್ಲ, ಹರಟೆ ಅಂತಲೇ ಓದಿ.

ನಿಮ್ಮಿಬ್ಬರ ಜಗಳದ ನಡುವೆ ಇರುವುದು ಎರಡು ಬೇರೆ ಬೇರೆ ಕಾಗದ. ಒಂದು ಜಿಪಿಎಲ್, ಅದು ಕಾಪಿರೈಟ್ ಅನುಮತಿ. ಇನ್ನೊಂದು ಸಬ್‌ಸ್ಕ್ರಿಪ್ಷನ್ ಒಪ್ಪಂದ, ಅದು ಸೇವೆಯ ಕರಾರು. ರೆಡ್ ಹ್ಯಾಟ್‌ನ ವಾದ ಏನೆಂದರೆ, ಮೊದಲನೆಯದನ್ನು ನಾವು ಮುಟ್ಟಿಯೇ ಇಲ್ಲ, ಎರಡನೆಯದರಲ್ಲಿ ಯಾರ ಜೊತೆ ವ್ಯವಹಾರ ಮಾಡಬೇಕು ಅನ್ನೋದು ನಮಗೆ ಬಿಟ್ಟಿದ್ದು. ಎದುರಿನವರ ವಾದ: ಎರಡನೆಯ ಕಾಗದದ ಬೆದರಿಕೆಯೇ ಮೊದಲನೆಯದರ ಹಕ್ಕನ್ನು ಕೊಲ್ಲುತ್ತಿದ್ದರೆ, ಎರಡನ್ನೂ ಸೇರಿಸಿ ಓದಬೇಕು. ಎರಡೂ ವಾದದಲ್ಲಿ ಹುರುಳಿದೆ.

ಇಂಥದ್ದೇ ಒಂದು ಪ್ರಕರಣ ಕೋರ್ಟ್ ಬಾಗಿಲ ತನಕ ಹೋಗಿ ವಾಪಸ್ ಬಂದಿದೆ. ಜಿಆರ್‌ಸೆಕ್ಯುರಿಟಿ ಅಂತ ಲಿನಕ್ಸ್ ಕರ್ನಲ್‌ಗೆ ಭದ್ರತೆಯ ಪ್ಯಾಚ್‌ಗಳು, ಅಂದರೆ ಕೋಡ್ ತಿದ್ದುಪಡಿಗಳು. 2017ರಿಂದ ಗಿರಾಕಿಗಳಿಗೆ ಮಾತ್ರ ಕೊಡಲು ಶುರು ಮಾಡಿದರು, ಅವರ ಒಪ್ಪಂದದಲ್ಲೂ ಹಂಚಿದರೆ ಮುಂದಿನ ಆವೃತ್ತಿ ಇಲ್ಲ ಅನ್ನೋ ಅಂಶ ಇತ್ತು. ಬ್ರೂಸ್ ಪೆರೆನ್ಸ್, ಓಪನ್ ಸೋರ್ಸ್ ವ್ಯಾಖ್ಯೆ ಬರೆದವರು, ಇದು ಜಿಪಿಎಲ್ ಉಲ್ಲಂಘನೆ, ಬಳಸಿದ ಗಿರಾಕಿಗೂ ಅಪಾಯ ಅಂತ ತಮ್ಮ ಬ್ಲಾಗಿನಲ್ಲಿ ಬರೆದರು. ಕಂಪನಿ ಅವರ ಮೇಲೆ ಮಾನನಷ್ಟದ ಕೇಸ್ ಹಾಕಿತು. ಕೋರ್ಟ್ ಅದನ್ನು ವಜಾ ಮಾಡಿತು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ ಆಯಿತು, ಪೆರೆನ್ಸ್‌ಗೆ ವಕೀಲರ ಖರ್ಚು ಅಂತ ಸುಮಾರು 2,60,000 ಡಾಲರ್ ಕೊಡಿಸಿತು. ಇದನ್ನು ಕೇಳಿ ಬಹಳ ಜನ "ನೋಡಿ, ಉಲ್ಲಂಘನೆ ಅಂತ ಕೋರ್ಟೇ ಹೇಳಿದೆ" ಅಂತಾರೆ. ಇಲ್ಲ. ಕೋರ್ಟ್ ಹೇಳಿದ್ದು ಅದು ಪೆರೆನ್ಸ್ ಅವರ ಅಭಿಪ್ರಾಯ, ಅಭಿಪ್ರಾಯ ಹೇಳುವುದಕ್ಕೆ ಅವರಿಗೆ ಹಕ್ಕಿದೆ ಅಂತ. ಮೂಲ ಪ್ರಶ್ನೆ ಹಾಗೇ ಉಳಿಯಿತು.

ಹಳೇ ಸರ್ವರ್ ಅವರ ಲೀಗಲ್ ಕೇಳಿದ್ದಕ್ಕೆ ಮಾತ್ರ ಉತ್ತರ ಸುಲಭ. ಆಲ್ಮಾ ಬಳಸೋದು ಕಾನೂನುಬದ್ಧ. ಜಗಳ ಇರೋದು ರೆಡ್ ಹ್ಯಾಟ್ ಮತ್ತು ಅದರ ಗಿರಾಕಿಯ ನಡುವೆ. ನೀವು ಆ ಒಪ್ಪಂದಕ್ಕೆ ಸಹಿಯೇ ಹಾಕಿಲ್ಲ.

ಸ್ಪೆಕ್ ಫೈಲ್

ಪ್ಯಾಕೇಜಿಂಗ್ ಮಾಡಿ ಹೊಟ್ಟೆ ಹೊರೆಯುವವಳು ನಾನು, ರೆಡ್ ಹ್ಯಾಟ್‌ನಲ್ಲಿ ಅಲ್ಲ. "ಊರವರು ಕೊಟ್ಟದ್ದನ್ನು ಪೊಟ್ಟಣ ಕಟ್ಟಿದರು" ಅಂತ ಬೈಟು ಕಾಫಿ ಬರೆದಿದ್ದಾರಲ್ಲ, ಅದಕ್ಕೆ ಸ್ವಲ್ಪ ಹೇಳಬೇಕು.

ಒಂದು ಸೋರ್ಸ್ ಆರ್‌ಪಿಎಂ (ರೆಲ್‌ನ ಪ್ಯಾಕೇಜ್ ಫೈಲ್) ಬಿಚ್ಚಿ ನೋಡಿ. ಒಳಗೆ ಮೂಲ ಪ್ರಾಜೆಕ್ಟಿನ ಕೋಡ್ ಕಟ್ಟಿಟ್ಟ ಟಾರ್ ಫೈಲ್ ಒಂದು. ಅದರ ಪಕ್ಕ ಪ್ಯಾಚ್ ಫೈಲುಗಳ ಸಾಲು, ಕೆಲವದರಲ್ಲಿ ನಾಲ್ಕೇ ಇರುತ್ತವೆ, ಗ್ಲಿಬ್‌ಸಿಯಂಥ ದೊಡ್ಡ ಲೈಬ್ರರಿಯಲ್ಲಿ ಎಣಿಸಿ ಸುಸ್ತಾಗುತ್ತೆ. ಮತ್ತೆ ಒಂದು ಸ್ಪೆಕ್ ಫೈಲ್. ಯಾವ ಪ್ಯಾಚ್ ಯಾವ ಕ್ರಮದಲ್ಲಿ ಹಾಕಬೇಕು, ಯಾವ ಫ್ಲ್ಯಾಗ್ ಕೊಟ್ಟು ಕಂಪೈಲ್ ಮಾಡಬೇಕು ಎಲ್ಲ ಅದರಲ್ಲಿ. ಕೊನೆಯಲ್ಲಿ ಚೇಂಜ್‌ಲಾಗ್: ಯಾವ ದಿನ, ಯಾರು, ಯಾವ ಸಿವಿಇಗೆ (ನಂಬರ್ ಕೊಟ್ಟ ಭದ್ರತಾ ದೋಷ) ತೇಪೆ ಹಾಕಿದರು. ಟಾರ್ ಫೈಲ್ ಊರವರದ್ದು, ನಿಜ. ಆ ಪ್ಯಾಚ್ ಸಾಲು ಊರವರದ್ದಲ್ಲ.

ಉದಾಹರಣೆಗೆ ರೆಲ್ 8ರ ಕರ್ನಲ್ ನಂಬರ್ 4.18. ಮೂಲ 4.18 ಬಂದಿದ್ದು 2018ರ ಆಗಸ್ಟ್‌ನಲ್ಲಿ. ಈಗ ಒಂದು ಭದ್ರತಾ ದೋಷ ಸಿಕ್ಕಿತು ಅನ್ನಿ, ಅದನ್ನು ಸರಿ ಮಾಡಿದ ಕೋಡ್ ಬರೆದಿರೋದು 6ರ ಸರಣಿಯ ಕರ್ನಲ್‌ಗೆ. ಅದನ್ನು ತಂದು 4.18ಕ್ಕೆ ಹಾಕಲು ಹೋದರೆ ಅದು ಕರೆಯುವ ಫಂಕ್ಷನ್ನೇ ಅಲ್ಲಿರಲ್ಲ, ಇದ್ದರೂ ಹೆಸರು ಬೇರೆ, ಲಾಕ್ ಹಿಡಿಯೋ ಕ್ರಮ ಬೇರೆ. ಆಗ ಅದಕ್ಕೆ ಬೇಕಾದ ಇನ್ನೆರಡು ಬದಲಾವಣೆ ತರಬೇಕು, ಅದು ತಂದರೆ ಮತ್ತೊಂದು ಡ್ರೈವರ್ ಮುರಿಯುತ್ತೆ, ಅದನ್ನು ಸರಿ ಮಾಡಬೇಕು, ಹೊರಗಿನವರ ಮಾಡ್ಯೂಲ್ ಮುರಿಯದ ಹಾಗೆ ನೋಡಿಕೊಳ್ಳಬೇಕು, ಇದನ್ನೆಲ್ಲ ಹತ್ತು ವರ್ಷ ಮಾಡುತ್ತಲೇ ಇರಬೇಕು. ಬೇಸರದ ಕೆಲಸ. ಪುಕ್ಕಟೆ ಯಾರೂ ಮಾಡಲ್ಲ. ಅದಕ್ಕೆ ಸಂಬಳ ಕೊಡುವವರಿಗೆ ಹೊಟ್ಟೆ ಉರಿಯೋದು ಸಹಜ.

ಆದರೂ ಅವರು ಮಾಡಿದ್ದು ನನಗೆ ಹಿಡಿಸಲಿಲ್ಲ. ಇದು 2023ರಲ್ಲಿ ಶುರುವಾಗಿದ್ದೂ ಅಲ್ಲ. 2011ರಲ್ಲೇ ರೆಲ್ 6 ಕರ್ನಲ್‌ನ ಪ್ಯಾಚ್‌ಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನು ನಿಲ್ಲಿಸಿ, ಎಲ್ಲ ಸೇರಿಸಿದ ಒಂದೇ ಟಾರ್ ಫೈಲ್ ಕೊಡಲು ಶುರು ಮಾಡಿದರು. ಒರೇಕಲ್‌ನಂಥವರು ರೆಲ್‌ನ ಕೆಲಸ ಎತ್ತಿಕೊಂಡು ಅಗ್ಗಕ್ಕೆ ಸಪೋರ್ಟ್ ಮಾರುತ್ತಿದ್ದರು ಅನ್ನೋ ಸಿಟ್ಟು. ಅವತ್ತೂ ಲೈಸೆನ್ಸ್ ಮುರಿಯಲಿಲ್ಲ, ಸೋರ್ಸ್ ಕೊಟ್ಟರು. ಓದೋಕೆ ಕಷ್ಟ ಆಗೋ ಹಾಗೆ ಕೊಟ್ಟರು, ಅಷ್ಟೇ.

ಬೈಟು ಕಾಫಿ

@ಸ್ಪೆಕ್ ಫೈಲ್ ಮೇಡಂ, ಕೆಲಸ ಕಷ್ಟ ಅನ್ನೋದು ಒಪ್ಪಿದೆ. ಆದರೆ ಕರ್ನಲ್ ಬರೆದವರ ಕೆಲಸವೂ ಕಷ್ಟವೇ. ಅವರು ಜಿಪಿಎಲ್ ಹಾಕಿದ್ದು ಯಾಕೆ? ನಾನು ಕೊಟ್ಟ ಹಾಗೆ ನೀನೂ ಕೊಡು ಅಂತ. ಪ್ಯಾಚ್ ಹಾಕಿದ ಮೇಲೆ ಅದೂ ಜಿಪಿಎಲ್ಲೇ. ದುಡ್ಡು ಬೇಕಾದರೆ ಸಪೋರ್ಟ್‌ಗೆ ತಗೊಳ್ಳಲಿ, ಯಾರು ಬೇಡ ಅಂದರು?

@ಹಳೇ ಸರ್ವರ್ ಹಾಲಿನ ಉದಾಹರಣೆ ಸರಿ ಹೋಗಲ್ಲ. ನಿಮ್ಮ ಹಾಲಿನವನಿಗೆ ಹಸು ಕೊಟ್ಟವನು "ಹಾಲು ಕೊಂಡವರನ್ನು ಕಾಡಬೇಡ" ಅಂತ ಬರೆಸಿಕೊಂಡೇ ಕೊಟ್ಟಿದ್ದ.

ಲ್ಯಾಬ್ ಮಾಸ್ತರ

ಹುಬ್ಬಳ್ಳಿ ಕಡೆ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನ್ರೀ. ಕಾನೂನು ನನಗೆ ತಿಳಿಯೋದಿಲ್ಲ, ಅನುಭವ ಹೇಳತೀನಿ. ಸೆಂಟ್‌ಒಎಸ್ 8 ಬಂತು ಅಂತ ಒಂದು ಲ್ಯಾಬ್ ಪೂರ್ತಿ ಬದಲಿಸಿದೆವು. 2029ರವರೆಗೆ ಮುಟ್ಟೋದು ಬ್ಯಾಡ ಅಂತ ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೆ. ಮುಂದೇನಾತು ನಿಮಗೆಲ್ಲ ಗೊತ್ತೇ ಐತಿ. 2021ರ ಜನವರಿಯಲ್ಲಿ ರೆಡ್ ಹ್ಯಾಟ್‌ನವರು 16 ಮೆಷಿನ್‌ವರೆಗೆ ರೆಲ್ ಪುಕ್ಕಟೆ ಅಂತ ಡೆವಲಪರ್ ಸಬ್‌ಸ್ಕ್ರಿಪ್ಷನ್ ತಂದರು. ನಮ್ಮ ಒಂದು ಲ್ಯಾಬಿನಾಗೇ ಅದಕ್ಕಿಂತ ಜಾಸ್ತಿ ಮೆಷಿನ್ ಅದಾವ. ಪ್ರತಿಯೊಂದನ್ನೂ ರಿಜಿಸ್ಟರ್ ಮಾಡಿ, ವರ್ಷಕ್ಕೊಮ್ಮೆ ರಿನ್ಯೂ ಮಾಡಿ ಅಂದರೆ ಮಾಡೋರು ಯಾರ್ರೀ?

ಈಗ ಎಲ್ಲಾ ಆಲ್ಮಾ. ಒಂದೇ ಪ್ರಶ್ನೆ ಐತಿ: ಆಲ್ಮಾ ಇನ್ನೂ ರೆಲ್‌ನ ಪಡಿಯಚ್ಚು ಏನು? ಹೌದು ಅಂತಾರ ಕೆಲವರು, ಅಲ್ಲ ಅಂತಾರ ಕೆಲವರು.

ಸ್ಪೆಕ್ ಫೈಲ್

@ಲ್ಯಾಬ್ ಮಾಸ್ತರ ಸರ್, ಅಲ್ಲ. 2023ರ ಜುಲೈನಲ್ಲಿ ಆಲ್ಮಾ ಪಡಿಯಚ್ಚಿನ ಗುರಿ ಬಿಟ್ಟಿತು. ಈಗ ಅವರ ಮಾತು ಏನೆಂದರೆ, ರೆಲ್ ಮೇಲೆ ಓಡುವ ಅಪ್ಲಿಕೇಶನ್ ಆಲ್ಮಾ ಮೇಲೂ ಓಡಬೇಕು. ಒಳಗಿನ ಬಗ್‌ಗೆ ಬಗ್ ಒಂದೇ ಇರಬೇಕು ಅಂತಿಲ್ಲ. ಸೋರ್ಸ್ ಮುಖ್ಯವಾಗಿ ಸ್ಟ್ರೀಮ್‌ನಿಂದ ತಗೊಳ್ಳುತ್ತಾರೆ.

ರಾಕಿಯವರು ಪಡಿಯಚ್ಚೇ ಬೇಕು ಅಂತ ಹಟ ಹಿಡಿದರು. ರೆಡ್ ಹ್ಯಾಟ್ ಎಲ್ಲರಿಗೂ ಬಿಟ್ಟಿರುವ ಯುಬಿಐ ಅನ್ನೋ ಕಂಟೈನರ್ ಇಮೇಜ್‌ಗಳಿಂದ (ರೆಲ್‌ನ ತುಂಡು ರೂಪ) ಸ್ವಲ್ಪ, ಕ್ಲೌಡ್‌ನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ರೆಲ್ ಮೆಷಿನ್‌ನಿಂದ ಸ್ವಲ್ಪ ಸೋರ್ಸ್ ತಗೊಳ್ಳುತ್ತೇವೆ ಅಂದರು. ಗಂಟೆಗೆ ಚಿಲ್ಲರೆ ಕೊಟ್ಟು ರೆಲ್ ಮೆಷಿನ್ ಎಬ್ಬಿಸಿ, ಸೋರ್ಸ್ ಇಳಿಸಿಕೊಂಡು, ಮೆಷಿನ್ ಕೆಡವೋದು. ಸಬ್‌ಸ್ಕ್ರಿಪ್ಷನ್ ರದ್ದು ಮಾಡೋಕೆ ಅಲ್ಲಿ ಮೆಷಿನ್ನೇ ಉಳಿದಿರಲ್ಲ! ತಲೆ ಇದೆ ಮಾರಾಯ್ರೆ ಅವರಿಗೆ.

ಇದರ ನಡುವೆ ಆಗಸ್ಟ್‌ನಲ್ಲಿ ಒರೇಕಲ್, ಇನ್ನೊಂದು ಲಿನಕ್ಸ್ ಕಂಪನಿ ಸೂಸೆ, ಮತ್ತೆ ರಾಕಿ ಹಿಂದಿರುವ ಕಂಪನಿ ಸಿಐಕ್ಯೂ ಸೇರಿ ಓಪನ್ ಇಎಲ್‌ಎ ಅಂತ ಒಂದು ಕೂಟ ಕಟ್ಟಿದರು. ಓಪನ್ ಸೋರ್ಸ್ ಬಗ್ಗೆ ಒರೇಕಲ್ ಪಾಠ ಹೇಳೋದನ್ನು ನೋಡುವ ಭಾಗ್ಯ ನಮ್ಮ ಕಾಲಕ್ಕೆ ಇತ್ತು.

ಟೆಂಡರ್ ಗುಮಾಸ್ತ

ಸರ್ಕಾರಿ ಕಡೆಯ ಮಾತು. 2015ರಲ್ಲಿ ಕೇಂದ್ರ ಸರ್ಕಾರ ಓಪನ್ ಸೋರ್ಸ್ ಅಳವಡಿಕೆಯ ನೀತಿ ತಂದಿದೆ. ಟೆಂಡರ್ ದಾಖಲೆಯಲ್ಲಿ ಓಪನ್ ಸೋರ್ಸನ್ನು ಮುಚ್ಚಿದ ಸಾಫ್ಟ್‌ವೇರ್ ಜೊತೆಗೆ ಪರಿಗಣಿಸಬೇಕು, ಅದಕ್ಕೆ ಆದ್ಯತೆ ಕೊಡಬೇಕು, ಬೇಡ ಅಂದರೆ ಯಾಕೆ ಬೇಡ ಅಂತ ಬರೆಯಬೇಕು ಅಂತ ಅದರಲ್ಲಿದೆ. ಓದೋಕೆ ಚೆಂದ. ನಾನು ನೋಡಿದ ಒಂದು ಟೆಂಡರ್‌ನಲ್ಲಿ "ಓಪನ್ ಸೋರ್ಸ್ ಒಎಸ್ ಆಗಿರಬೇಕು, ತಯಾರಕರಿಂದ ಏಳು ವರ್ಷದ ಸಪೋರ್ಟ್ ಪತ್ರ ಇರಬೇಕು" ಅಂತ ಬರೆದಿದ್ದರು. ಪತ್ರ ಕೊಡುವ ತಯಾರಕರು ಎಷ್ಟು ಜನ ಇದ್ದಾರೆ? ಕೈ ಬೆರಳು ಪೂರ್ತಿ ಬೇಡ. ಡೆಬಿಯನ್‌ಗೆ ಪತ್ರ ಯಾರು ಕೊಡಬೇಕು?

ಕ್ಲೋನ್ ಹಾಕಿದರೆ ಆಡಿಟ್‌ನವರು ಕೇಳುತ್ತಾರೆ. ಹಾಗಾಗಿ ಲೈಸೆನ್ಸ್ ಏನೇ ಇರಲಿ, ಕಡೆಗೆ ಬಿಲ್ ಆಗೋದು ಸಬ್‌ಸ್ಕ್ರಿಪ್ಷನ್ನೇ.

ಡೆಬಿಯನ್ ದಾಸ

@ಟೆಂಡರ್ ಗುಮಾಸ್ತ ಪತ್ರಕ್ಕೆ ಯಾರ ಸಹಿ ಬೇಕು ಹೇಳಿ, ನಾನೇ ಹಾಕುತ್ತೇನೆ.

ಈಗ ತಮಾಷೆ ಬಿಟ್ಟು. ಪತ್ರ ಕೊಡೋಕೆ ಡೆಬಿಯನ್ ಹಿಂದೆ ಕಂಪನಿ ಇಲ್ಲ ಅನ್ನೋದನ್ನೇ ದೋಷದ ಹಾಗೆ ಹೇಳುತ್ತೀರಿ. 1997ರಲ್ಲೇ ಅವರು ಒಂದು ಸಾಮಾಜಿಕ ಒಪ್ಪಂದ ಬರೆದು ಹಾಕಿದ್ದಾರೆ, ಡೆಬಿಯನ್ ಪೂರ್ತಿ ಮುಕ್ತವಾಗಿಯೇ ಇರುತ್ತೆ ಅಂತ. ಅದನ್ನು ಬದಲಿಸಬೇಕಾದರೆ ಡೆವಲಪರ್‌ಗಳು ಮತ ಹಾಕಬೇಕು. ಯಾವುದೋ ಬೋರ್ಡ್‌ರೂಮಿನಲ್ಲಿ ನಾಲ್ಕು ಜನ ಕೂತು ಬದಲಿಸೋಕೆ ಆಗಲ್ಲ.

ಹಳೇ ಸರ್ವರ್

@ಡೆಬಿಯನ್ ದಾಸ ಈ ಸಲ ನಿಮ್ಮ ಪರ ನಾನು. ಮೊದಲ ಪೋಸ್ಟಿನಲ್ಲಿ ನಾನು ಹೇಳಲು ಹೊರಟಿದ್ದು ಇದೇ. ಲೈಸೆನ್ಸ್ ಯಾವುದು ಅಂತ ಕೇಳಿದಷ್ಟೇ ಗಟ್ಟಿಯಾಗಿ ಯಜಮಾನ ಯಾರು ಅಂತಲೂ ಕೇಳಬೇಕು.

ಲಿನಕ್ಸ್ ಕರ್ನಲ್ ನೋಡಿ. ಕೋಡ್ ಕೊಟ್ಟವರು ಯಾರೂ ತಮ್ಮ ಕಾಪಿರೈಟನ್ನು ಒಂದು ಕಡೆ ಬರೆದುಕೊಟ್ಟಿಲ್ಲ. ಸಾವಿರಾರು ಜನ, ನೂರಾರು ಕಂಪನಿ, ಒಬ್ಬೊಬ್ಬರಿಗೂ ತಮ್ಮ ತುಂಡಿನ ಮೇಲೆ ಹಕ್ಕು. ನಾಳೆ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಮನಸ್ಸು ಮಾಡಿದರೂ ಲೈಸೆನ್ಸ್ ಬದಲಿಸೋಕೆ ಆಗಲ್ಲ. ಅದಕ್ಕೇ ರೆಡ್ ಹ್ಯಾಟ್ ಲೈಸೆನ್ಸಿಗೆ ಕೈ ಹಾಕಲಿಲ್ಲ. ಹಾಕೋಕೆ ಆಗಲ್ಲ. ಪಕ್ಕದಲ್ಲಿ ಇನ್ನೊಂದು ಒಪ್ಪಂದ ಇಟ್ಟಿತು.

ಈಗ ಟೆರಾಫಾರ್ಮ್ ನೋಡಿ, ಕ್ಲೌಡ್ ಸರ್ವರ್ ನಿಭಾಯಿಸುವ ಹ್ಯಾಶಿಕಾರ್ಪ್ ಕಂಪನಿಯ ಸಾಫ್ಟ್‌ವೇರ್. ಕೋಡ್ ಕಳಿಸಿದವರೆಲ್ಲ ಮೊದಲೇ ಹ್ಯಾಶಿಕಾರ್ಪ್‌ಗೆ ಸಿಎಲ್‌ಎ (ತಮ್ಮ ಕೋಡನ್ನು ಕಂಪನಿ ಬೇರೆ ಲೈಸೆನ್ಸಲ್ಲೂ ಕೊಡಬಹುದು ಅನ್ನೋ ಒಪ್ಪಿಗೆ ಪತ್ರ) ಬರೆದುಕೊಟ್ಟಿದ್ದರು. 2023ರ ಆಗಸ್ಟ್‌ನಲ್ಲಿ ಒಂದು ದಿನ ಕಂಪನಿ ಲೈಸೆನ್ಸನ್ನೇ ಬದಲಿಸಿ ಬಿಎಸ್‌ಎಲ್ ಹಾಕಿತು, ಅದು ಓಪನ್ ಸೋರ್ಸೇ ಅಲ್ಲ. ಸಿಟ್ಟಾದವರು ಓಪನ್‌ಟೋಫು ಅಂತ ಫೋರ್ಕ್ ಮಾಡಿ (ಹಳೇ ಕೋಡಿನಿಂದ ಬೇರೆ ಕವಲು ತೆಗೆದು) ಲಿನಕ್ಸ್ ಫೌಂಡೇಶನ್ ಕೈಗೆ ಕೊಟ್ಟರು. 2025ರಲ್ಲಿ ಹ್ಯಾಶಿಕಾರ್ಪ್ ಕೂಡ ಐಬಿಎಂ ತೆಕ್ಕೆಗೆ ಹೋಯಿತು, ಅದು ಬಿಡಿ. ರೆಡಿಸ್ ಡೇಟಾಬೇಸ್ ಕೂಡ ಇದೇ ದಾರಿ, 2024ರ ಮಾರ್ಚ್‌ನಲ್ಲಿ ಬದಲಿಸಿದರು, ವಾಲ್‌ಕೀ ಅಂತ ಫೋರ್ಕ್ ಹುಟ್ಟಿತು, ಮರುವರ್ಷ ಮೇ ತಿಂಗಳಲ್ಲಿ ರೆಡಿಸ್‌ನವರು ಜಿಪಿಎಲ್ ಜಾತಿಯ ಎಜಿಪಿಎಲ್ ಲೈಸೆನ್ಸ್ ಸೇರಿಸಿ ಮತ್ತೆ ಓಪನ್ ಸೋರ್ಸ್‌ಗೆ ಬಂದರು.

ಆಲ್ಮಾಗೂ ರಾಕಿಗೂ ನನಗೆ ಕಾಣುವ ವ್ಯತ್ಯಾಸವೂ ಇಲ್ಲೇ. ಆಲ್ಮಾ ಒಂದು ಲಾಭರಹಿತ ಫೌಂಡೇಶನ್ ಕೈಯಲ್ಲಿದೆ, ಸದಸ್ಯರು ಬೋರ್ಡನ್ನು ಆರಿಸುತ್ತಾರೆ. ರಾಕಿಯ ಫೌಂಡೇಶನ್ ಡೆಲವೇರ್‌ನಲ್ಲಿ ಪಬ್ಲಿಕ್ ಬೆನಿಫಿಟ್ ಕಾರ್ಪೊರೇಶನ್ ಅಂತ ನೋಂದಣಿ ಆಗಿದೆ. ಅಂದರೆ ಕಾಗದದ ಮೇಲೆ ಕಂಪನಿಯೇ. ರಾಕಿಯವರು ಕೆಟ್ಟವರು ಅಂತ ಅಲ್ಲ. ಸೆಂಟ್‌ಒಎಸ್‌ನವರೂ ಕೆಟ್ಟವರಾಗಿರಲಿಲ್ಲ.

ಮ್ಯೂನಿಕ್‌ನಿಂದ

ಬಹಳ ದಿನದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಜಿಪಿಎಲ್‌ಗೆ ಹಲ್ಲಿದೆ ಅಂತ ಮೊದಲು ತೋರಿಸಿಕೊಟ್ಟದ್ದು ನಾನಿರುವ ಊರಿನ ಕೋರ್ಟು. 2004ರಲ್ಲಿ ಹರಾಲ್ಡ್ ವೆಲ್ಟೆ ಅನ್ನುವ ಕರ್ನಲ್ ಡೆವಲಪರ್ ಸೈಟ್‌ಕಾಮ್ ಅನ್ನೋ ರೂಟರ್ ಕಂಪನಿ ವಿರುದ್ಧ ತಡೆಯಾಜ್ಞೆ ತಂದರು. ರೂಟರ್ ಒಳಗೆ ಕರ್ನಲ್‌ನ ಫೈರ್‌ವಾಲ್ ಭಾಗವಾದ ನೆಟ್‌ಫಿಲ್ಟರ್ ಕೋಡ್ ಇತ್ತು, ಸೋರ್ಸ್ ಕೊಟ್ಟಿರಲಿಲ್ಲ.

ಆದರೆ ಇದೇ ದೇಶದಲ್ಲಿ ಇನ್ನೊಂದು ಮುಖವೂ ಕಂಡಿದೆ. ಅದೇ ನೆಟ್‌ಫಿಲ್ಟರ್ ತಂಡದಲ್ಲಿದ್ದ ಪ್ಯಾಟ್ರಿಕ್ ಮೆಕ್‌ಹಾರ್ಡಿ ಅನ್ನುವವರು ಕಂಪನಿ ಮೇಲೆ ಕಂಪನಿಗೆ ನೋಟಿಸ್ ಕಳಿಸಿ ದುಡ್ಡು ವಸೂಲಿಗೆ ಇಳಿದರು ಅನ್ನೋ ದೂರು ಬಂತು. 2016ರಲ್ಲಿ ಅವರ ತಂಡವೇ ಅವರನ್ನು ಅಮಾನತು ಮಾಡಿತು. ಜಿಪಿಎಲ್ ಎರಡನೇ ಆವೃತ್ತಿಯಲ್ಲಿ ಒಂದು ಸಲ ತಪ್ಪಿದರೆ ಅನುಮತಿ ತಾನಾಗಿಯೇ ರದ್ದು, ತಿದ್ದಿಕೊಳ್ಳೋಕೆ ಗಡುವಿಲ್ಲ. ಅದನ್ನೇ ಹಿಡಿದುಕೊಂಡಿದ್ದರು. 2017ರಲ್ಲಿ ಕರ್ನಲ್ ಡೆವಲಪರ್‌ಗಳು, ಅದರ ಹಿಂದೆಯೇ ರೆಡ್ ಹ್ಯಾಟ್, ಐಬಿಎಂ, ಗೂಗಲ್, ಫೇಸ್‌ಬುಕ್ ಎಲ್ಲ, ಮೂರನೇ ಆವೃತ್ತಿಯಲ್ಲಿ ಇರುವ ಹಾಗೆ ನಾವೂ ತಿದ್ದಿಕೊಳ್ಳಲು ಅವಕಾಶ ಕೊಡುತ್ತೇವೆ ಅಂತ ಬಹಿರಂಗವಾಗಿ ಮಾತು ಕೊಟ್ಟರು. ಜಿಪಿಎಲ್‌ನ ಆಶಯದ ಬಗ್ಗೆ ಆವತ್ತು ಚೆನ್ನಾಗಿ ಮಾತಾಡಿದ್ದು ಇದೇ ರೆಡ್ ಹ್ಯಾಟ್, ಅಲ್ವಾ?

ಲೀಗಲ್ ನೋಟಿಸ್

@ಮ್ಯೂನಿಕ್‌ನಿಂದ ಈ ಎರಡು ಕಥೆಯಲ್ಲೂ ಕೋರ್ಟಿಗೆ ಹೋದವರು ಕೋಡ್ ಬರೆದವರು. ಅದೇ ಇಲ್ಲಿರುವ ದೊಡ್ಡ ತೊಡಕು. ರೆಲ್ ವಿಷಯದಲ್ಲಿ ತೊಂದರೆ ಆಗೋದು ಗಿರಾಕಿಗೆ, ಆದರೆ ಕೇಸ್ ಹಾಕೋ ಹಕ್ಕು ಇರೋದು ಕಾಪಿರೈಟ್ ಇರುವ ಡೆವಲಪರ್‌ಗೆ. ಅವರಲ್ಲಿ ಬಹಳ ಜನಕ್ಕೆ ಸಂಬಳ ಬರೋದು ರೆಡ್ ಹ್ಯಾಟ್, ಐಬಿಎಂ, ಇಂಥವರಿಂದಲೇ.

ಅದಕ್ಕೇ ನಾನು ಟಿವಿ ಕಂಪನಿ ವಿಜಿಯೋ ಮೇಲಿನ ಕೇಸ್ ನೋಡುತ್ತಿದ್ದೇನೆ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅನ್ನೋ ಮುಕ್ತ ಸಾಫ್ಟ್‌ವೇರ್ ಪರ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಹಾಕಿದ್ದು. ಅವರು ಡೆವಲಪರ್ ಆಗಿ ಹೋಗಲಿಲ್ಲ, ಟಿವಿ ಕೊಂಡ ಗಿರಾಕಿ ಆಗಿ ಹೋದರು. ವಾದ ಏನೆಂದರೆ, ಜಿಪಿಎಲ್ ಅನ್ನೋದು ಒಂದು ಕರಾರು ಕೂಡ, ಅದರ ಲಾಭ ಸಿಗಬೇಕಾದವರು ನಾವು, ಹಾಗಾಗಿ ಸೋರ್ಸ್ ಕೇಳೋ ಹಕ್ಕು ನಮಗೂ ಇದೆ. ಇದು ಬರೀ ಕಾಪಿರೈಟ್ ವಿಷಯ ಅಂತ ವಿಜಿಯೋ ಫೆಡರಲ್ ಕೋರ್ಟಿಗೆ ಎಳೆಯಿತು. 2022ರ ಮೇ ತಿಂಗಳಲ್ಲಿ ಆ ಕೋರ್ಟ್, ಇಲ್ಲ, ಇದರಲ್ಲಿ ಕರಾರಿನ ಪ್ರಶ್ನೆ ಬೇರೆಯಾಗಿಯೇ ಇದೆ ಅಂತ ವಾಪಸ್ ರಾಜ್ಯದ ಕೋರ್ಟಿಗೆ ಕಳಿಸಿತು. ಈ ವಾದ ಗಟ್ಟಿ ನಿಂತರೆ, ರೆಲ್ ಗಿರಾಕಿಯೊಬ್ಬ 6ನೇ ಕಲಂ ಹಿಡಿದು ತಾನೇ ಕೋರ್ಟಿಗೆ ಹೋಗಬಹುದು. ಹೋಗುತ್ತಾನಾ ಅನ್ನೋದು ಬೇರೆ.

ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯಿದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಲೈಸೆನ್ಸ್ ಮೀರಿ ಹಂಚಿದರೆ ಉಲ್ಲಂಘನೆ. ಹಾಗಾಗಿ ಜಿಪಿಎಲ್ ಇಲ್ಲಿ ನಡೆಯಲ್ಲ ಅನ್ನೋ ಮಾತಿಗೆ ಅರ್ಥ ಇಲ್ಲ. ಪೇಟೆಂಟ್ ವಿಷಯದಲ್ಲಂತೂ ನಾವು ಅಮೆರಿಕಕ್ಕಿಂತ ವಾಸಿ. ಪೇಟೆಂಟ್ ಕಾಯಿದೆಯ ಕಲಂ 3(ಕೆ), ಬರೀ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಅನ್ನುತ್ತೆ. 2004ರ ಸುಗ್ರೀವಾಜ್ಞೆಯಲ್ಲಿ ಅದನ್ನು ಸಡಿಲ ಮಾಡಲು ನೋಡಿದರು, 2005ರಲ್ಲಿ ಸಂಸತ್ತು ಆ ಬದಲಾವಣೆ ಒಪ್ಪಲಿಲ್ಲ.

ಲ್ಯಾಬ್ ಮಾಸ್ತರ

ಟಿವಿ ಮಾತು ಬಂತಲ್ಲ, ಒಂದು ಹೇಳತೀನಿ. ನಿಮ್ಮ ಮನೆ ಟಿವಿ ಸೆಟ್ಟಿಂಗ್‌ನಾಗ ಅಬೌಟ್ ಒಳಗ ಓಪನ್ ಸೋರ್ಸ್ ಲೈಸೆನ್ಸ್ ಅಂತ ಇರತೈತಿ ನೋಡ್ರಿ. ಇರುವೆ ಸಾಲಿನಂಗ ಅಕ್ಷರ, ರಿಮೋಟ್ ಒತ್ತಿ ಒತ್ತಿ ಬೆರಳು ನೋಯತಾವ. ಪೂರ್ತಿ ಕೆಳಗ ಹೋದರ ಸೋರ್ಸ್ ಬೇಕಾದರ ಈ ವಿಳಾಸಕ್ಕ ಬರೀರಿ ಅಂತ ಇರತೈತಿ. ಲ್ಯಾಬಿನ ರೂಟರ್‌ನಾಗೂ ಇತ್ತು. ನಾನು ಬರೆದೆ, ಕಂಪನಿ ಹೆಸರು ಬ್ಯಾಡ. ಬಹಳ ದಿನ ಆದಮ್ಯಾ ಒಂದು ಲಿಂಕ್ ಬಂತು. ಇಳಿಸಿ ನೋಡಿದರ ಬರೀ ಮೂಲ ಕರ್ನಲ್, ಬಿಝಿಬಾಕ್ಸ್ ಅನ್ನೋ ಸಣ್ಣ ಟೂಲ್‌ಗಳ ಕಟ್ಟು. ಅವರು ಏನು ಬದಲಿಸಿದರು, ಹೆಂಗ ಬಿಲ್ಡ್ ಮಾಡಿದರು, ಏನೂ ಇಲ್ಲ. ಮತ್ತ ಬರೆದೆ, ಉತ್ತರ ಇಲ್ಲ.

ಲೀಗಲ್ ನೋಟಿಸ್

@ಲ್ಯಾಬ್ ಮಾಸ್ತರ ಬಿಲ್ಡ್ ಮಾಡುವ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳೂ ಸೋರ್ಸ್‌ನಲ್ಲಿ ಸೇರಿದ್ದು ಅಂತ ಜಿಪಿಎಲ್ ಎರಡನೇ ಆವೃತ್ತಿಯ 3ನೇ ಕಲಂನಲ್ಲೇ ಇದೆ. ಸೋರ್ಸ್ ಕೊಡ್ತೀವಿ ಅನ್ನುವ ಲಿಖಿತ ಮಾತು ಕನಿಷ್ಠ 3 ವರ್ಷ ಊರ್ಜಿತ ಇರಬೇಕು. ನಿಮ್ಮ ಆ ಕಂಪನಿ ಎರಡೂ ಕಡೆ ಜಾರಿದೆ. ಹಳೇ ಸರ್ವರ್ ಅವರ ಪ್ರಶ್ನೆಗೆ ಹೋಲಿಸಿದರೆ ಇದರಲ್ಲಿ ಯಾವ ಅನುಮಾನವೂ ಇಲ್ಲ, ನೇರ ಉಲ್ಲಂಘನೆ. ತಮಾಷೆ ನೋಡಿ, ಅಂಚಿನಲ್ಲಿ ನಡೆಯುವ ರೆಡ್ ಹ್ಯಾಟ್ ಬಗ್ಗೆ ನಾವು ಇಷ್ಟು ಬರೆಯುತ್ತೇವೆ. ರಾಜಾರೋಷವಾಗಿ ಮುರಿಯುವ ರೂಟರ್ ಕಂಪನಿಗಳ ಹೆಸರೂ ಯಾರಿಗೂ ಬೇಡ.

ಬೈಟು ಕಾಫಿ

ಅದಕ್ಕೆ ಕಾರಣ ಇದೆ ಸರ್. ರೂಟರ್ ಕಂಪನಿಯಿಂದ ಯಾರೂ ಏನೂ ನಿರೀಕ್ಷೆ ಇಟ್ಟಿರಲಿಲ್ಲ. ರೆಡ್ ಹ್ಯಾಟ್ ನಮ್ಮವರು ಅಂದುಕೊಂಡಿದ್ದೆವು. ನಾನು ಕೆಲಸಕ್ಕೆ ಸೇರಿದಾಗ ಅವರ ಸರ್ಟಿಫಿಕೇಟ್ ಪರೀಕ್ಷೆಗೆ ಓದಿದ್ದೇ ಸೆಂಟ್‌ಒಎಸ್ ಮೇಲೆ, ಮೆಜೆಸ್ಟಿಕ್ ಹತ್ತಿರದ ಒಂದು ಟ್ರೈನಿಂಗ್ ಸೆಂಟರ್‌ನಲ್ಲಿ. ಅಲ್ಲಿ ಕಲಿತವರೇ ಆಮೇಲೆ ಕಂಪನಿಗಳಲ್ಲಿ ಕೂತು ರೆಲ್ ತಗೊಳ್ಳಿ ಅಂತ ಬರೆದುಕೊಟ್ಟರು. ಕ್ಲೋನ್‌ಗಳಿಂದ ಏನೂ ಲಾಭ ಇಲ್ಲ ಅಂತ ರೆಡ್ ಹ್ಯಾಟ್‌ನವರು 2023ರಲ್ಲಿ ಬರೆದಾಗ ನನಗೆ ಉರಿದಿದ್ದು ಇದಕ್ಕೆ. ಕಲಂ 6 ಕೋರ್ಟಿನಲ್ಲಿ ನಿಲ್ಲದೇ ಹೋಗಬಹುದು, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ನನ್ನ ಸಿಟ್ಟು ಮಾತ್ರ ನಿಲ್ಲುತ್ತೆ.

ಟೆಂಡರ್ ಗುಮಾಸ್ತ

ಯುರೋಪಿನಲ್ಲಿ ಹೊಸ ಸೈಬರ್ ಕಾನೂನು ಬಂದಿದೆಯಲ್ಲ, ಅದರಿಂದ ಪುಕ್ಕಟೆ ಡಿಸ್ಟ್ರೋಗಳಿಗೆ (ಆಲ್ಮಾ, ಡೆಬಿಯನ್ ಥರದ ಲಿನಕ್ಸ್‌ಗಳಿಗೆ) ತೊಂದರೆ ಅಂತ ಕೇಳಿದೆ. ಮ್ಯೂನಿಕ್‌ನವರು ಹೇಳಬಹುದಾ?

ಮ್ಯೂನಿಕ್‌ನಿಂದ

ಸೈಬರ್ ರೆಸಿಲಿಯನ್ಸ್ ಆಕ್ಟ್. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು, ಮುಖ್ಯ ಹೊಣೆಗಳು ಶುರುವಾಗೋದು 2027ರ ಡಿಸೆಂಬರ್ 11ರಿಂದ. ಮೊದಲ ಕರಡು ನೋಡಿ ಎಲ್ಲರೂ ಗಾಬರಿಯಾಗಿದ್ದರು. ಆಮೇಲೆ ಓಪನ್ ಸೋರ್ಸ್ ಫೌಂಡೇಶನ್‌ಗಳಿಗೆ ಸ್ಟೂವರ್ಡ್ ಅಂತ ಬೇರೆ ವರ್ಗ ಮಾಡಿ ಹಗುರ ಹೊಣೆ ಇಟ್ಟರು. ವ್ಯಾಪಾರಕ್ಕಲ್ಲದೆ ಸುಮ್ನೆ ಕೋಡ್ ಬರೆದು ಹಾಕುವವರಿಗೆ ಹೊಣೆ ಇಲ್ಲ. ಅದರ ಮೇಲೆ ವಸ್ತು ಮಾಡಿ ಮಾರುವವರಿಗೆ ಇದೆ. ರೂಟರ್ ಕಂಪನಿಗಳು ಬೆವರಲಿ ಬಿಡಿ.

ಲ್ಯಾಬ್ ಮಾಸ್ತರ

ಕಡೇದಾಗಿ ಒಂದು ಕೆಲಸದ ಪ್ರಶ್ನೆ, ಸ್ಪೆಕ್ ಫೈಲ್ ಅಕ್ಕಾರ ಹೇಳಬೇಕು. ಲ್ಯಾಬಿನಾಗ ಮೂರನೇ ತಲೆಮಾರಿನ ಐ5 ಮೆಷಿನ್ ಜಾಸ್ತಿ ಅದಾವ, ಮೂಲ್ಯಾಗ ಒಂದಿಷ್ಟು ಕೋರ್ 2 ಡುಯೊ. ಆಲ್ಮಾ 10 ಹಾಕಬಹುದೇನು?

ಸ್ಪೆಕ್ ಫೈಲ್

ಐ5ಗೆ ಹಾಕಬಹುದು. ರೆಲ್ 10 ಆಗಿದ್ದರೆ ಏಳುತ್ತಲೇ ಇರಲಿಲ್ಲ. ಅದಕ್ಕೆ ಎಕ್ಸ್86-64-ವಿ3 ಮಟ್ಟದ ಪ್ರೊಸೆಸರ್ ಬೇಕು, ಅಂದರೆ ಎವಿಎಕ್ಸ್2 ಅನ್ನೋ ಸೌಲಭ್ಯ ಅದರಲ್ಲಿ ಇರಬೇಕು. ಇಂಟೆಲ್‌ನಲ್ಲಿ ಅದು ಬಂದಿದ್ದು 2013ರ ಹ್ಯಾಸ್‌ವೆಲ್‌ನಿಂದ, ನಾಲ್ಕನೇ ತಲೆಮಾರು. ಆಲ್ಮಾದವರು ಪಡಿಯಚ್ಚಿನ ಹಂಗು ಬಿಟ್ಟಿದ್ದರಿಂದ ಅದಕ್ಕಿಂತ ಹಳೇ ಮಟ್ಟವಾದ ವಿ2ಗೆ ಅಂತಲೇ ಬೇರೆ ಬಿಲ್ಡ್ ಕೊಡುತ್ತಿದ್ದಾರೆ. ಇಳಿಸುವಾಗ ವಿ2 ಅಂತ ಇರುವ ಐಎಸ್‌ಒನೇ ತಗೊಳ್ಳಿ. ಇಪೆಲ್ ಅನ್ನೋ ಹೆಚ್ಚುವರಿ ಪ್ಯಾಕೇಜುಗಳನ್ನೂ ಅವರೇ ವಿ2ಗೆ ಬಿಲ್ಡ್ ಮಾಡುತ್ತಾರೆ. ಹೊರಗಿನ ಕಂಪನಿಯವರು ರೆಲ್ 10ಕ್ಕೆ ಅಂತ ಕೊಡುವ ಆರ್‌ಪಿಎಂ ಹಾಕುವ ಮೊದಲು ಮಾತ್ರ ಒಂದು ಮೆಷಿನ್ ಮೇಲೆ ಪರೀಕ್ಷೆ ಮಾಡಿ, ವಿ3ಗೆ ಬಿಲ್ಡ್ ಮಾಡಿದ್ದರೆ ಓಡಲ್ಲ.

ಕೋರ್ 2 ಡುಯೊಗೆ ವಿ2 ಕೂಡ ಇಲ್ಲ, ಹಾಗಾಗಿ ಆಲ್ಮಾ 9 ಕೂಡ ಆಗಲ್ಲ. ಅವುಗಳ ಮೇಲೆ ಆಲ್ಮಾ 8 ಇಡಿ, 2029ರವರೆಗೆ ಅಪ್‌ಡೇಟ್ ಬರುತ್ತೆ.

ಲ್ಯಾಬ್ ಮಾಸ್ತರ

2029 ಅಂತ ಈ ಸಲ ಪ್ರಿನ್ಸಿಪಾಲರಿಗೆ ನಾ ಬರೆದುಕೊಡಂಗಿಲ್ಲರೀ. ನೀವ ಬರೀರಿ.

ಡೆಬಿಯನ್ ದಾಸ

ಕೋರ್ 2 ಡುಯೊ ಮೇಲೆ ಡೆಬಿಯನ್ ಓಡುತ್ತೆ. ಸುಮ್ನೆ ಹೇಳಿದೆ.